ಹೊಸ ದೋಣಿ ನೀರಿಗಿಳಿಯುವ ಮುನ್ನ: ದಡದಲ್ಲಿ ಕಾಯುವವರ ಹಕ್ಕೊತ್ತಾಯ ಪತ್ರ

ಇವರಿಗೆ: ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ನಲ್ಲಿ ಜತೆಗೂಡಿ ಮೀನು ಹಿಡಿಯುವ ದೋಣಿ ಕೊಂಡ ನಮ್ಮ ಅಣ್ಣಂದಿರು, ಭಾವಂದಿರು, ಅವರೊಂದಿಗೆ ಕಡಲಿಗೆ ಹೋಗುವ ಎಲ್ಲರೂ

ಇವರಿಂದ: ಅದೇ ಮನೆಗಳ ಹೆಂಡತಿಯರು, ಅಮ್ಮಂದಿರು, ದೊಡ್ಡ ಮಕ್ಕಳು



ನೀವು ನಾಲ್ಕು ಮನೆಯವರು ಸೇರಿ ದೋಣಿ ಕೊಂಡದ್ದು ನಮಗೂ ಸಂತೋಷವೇ. 21 ಅಡಿಯ ಸೆಂಟರ್ ಕನ್ಸೋಲ್ ಬೋಟು, ಹಿಂದೆ ಔಟ್‌ಬೋರ್ಡ್ ಎಂಜಿನ್. ಮಲ್ಪೆ, ಗಂಗೊಳ್ಳಿ, ಉಳ್ಳಾಲದ ಕಡೆ ಹುಟ್ಟಿ ಬೆಳೆದು, ಇಲ್ಲಿ ರೂಟ್ 1ರ ಪಕ್ಕದ ಆಫೀಸುಗಳಲ್ಲಿ ಕಂಪ್ಯೂಟರ್ ಮುಂದೆ ವರ್ಷಗಟ್ಟಲೆ ಕೂತವರಿಗೆ ಮತ್ತೆ ಕಡಲು ಬೇಕೆನಿಸಿದ್ದು ನಮಗೆ ಅರ್ಥವಾಗುತ್ತದೆ. ದೋಣಿ ಬೇಡ ಎಂದು ನಾವು ಹೇಳುತ್ತಿಲ್ಲ. ಅದರೊಳಗೆ ಏನೇನಿರಬೇಕು, ಯಾವುದನ್ನು ಮೊದಲು ಕೊಳ್ಳಬೇಕು, ಯಾರು ಏನನ್ನು ಕಲಿತಿರಬೇಕು ಎಂದು ತೀರ್ಮಾನಿಸುವಾಗ ನಮ್ಮ ಮಾತೂ ನಡೆಯಬೇಕು, ಅಷ್ಟೆ.

ನೀವು ಹಂಚಿಕೊಂಡ ಖರೀದಿ ಪಟ್ಟಿಯನ್ನು ಕೂತು ಓದಿದೆವು. ಮೇಲಿನಿಂದ ಫಿಶ್ ಫೈಂಡರ್, ರಾಡ್ ಹೋಲ್ಡರ್, ಸ್ಪೀಕರ್, ಕೂಲರ್, ಮೆತ್ತೆ. ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಲೈಫ್ ಜಾಕೆಟ್ ಮತ್ತಿತರ ಸಾಮಾನು. ಆ ಕೊನೆಯ ಸಾಲನ್ನು ಬಿಡಿಸಿ ಬರೆದು ಪಟ್ಟಿಯ ತಲೆಗೆ ತರಬೇಕು, ತಂದದ್ದು ಪೆಟ್ಟಿಗೆಯಲ್ಲಿ ಮಲಗದೆ ಮೈಮೇಲೆ, ಕೈಯಳತೆಯಲ್ಲಿ ಇರಬೇಕು ಎಂಬುದೇ ನಮ್ಮ ಒಟ್ಟು ಒತ್ತಾಯ. ನಮ್ಮೂರಿಗೆ ಕಡಲಿಲ್ಲ. ರಾರಿಟನ್ ಕೊಲ್ಲಿಗೋ, ರೂಟ್ 18 ಹಿಡಿದು ಬೆಲ್ಮಾರ್ ಬಳಿಯ ಶಾರ್ಕ್ ರಿವರ್ ಅಳಿವೆಗೋ ದೋಣಿಯನ್ನು ಟ್ರೇಲರ್ ಮೇಲೆ ಎಳೆದೊಯ್ಯಬೇಕು. ಗ್ಯಾರೇಜಿನಲ್ಲಿ ಮರೆತದ್ದು ಗ್ಯಾರೇಜಿನಲ್ಲೇ ಉಳಿಯುತ್ತದೆ. ಹಾಗಾಗಿ ಬೇಡಿಕೆಗಳನ್ನು ಅಂಕಿ ಹಾಕಿ ಬರೆದಿದ್ದೇವೆ.

1. ಮೊದಲ ಹಣ ಜೀವರಕ್ಷಣೆಗೆ.

ಜಂಟಿ ಖಾತೆಯಲ್ಲಿರುವ ಹಣದಿಂದ ಜಾಕೆಟ್, ರೇಡಿಯೊ, ಬೀಕನ್, ಅಗ್ನಿಶಾಮಕ, ಸಿಗ್ನಲ್, ಲಂಗರು ಇಷ್ಟನ್ನೂ ಕೊಂಡ ಮೇಲೆ ಉಳಿದದ್ದು ಮೀನಿನ ಸಾಮಾನಿಗೆ. ಈ ವರ್ಷ ಹಣ ಸಾಲದಿದ್ದರೆ ಫಿಶ್ ಫೈಂಡರ್ ಮುಂದಿನ ವರ್ಷ ಬರಲಿ.

2. ಜಾಕೆಟ್ ಎಲ್ಲರ ಮೈಮೇಲೆ, ದೋಣಿ ರ‍್ಯಾಂಪ್ ಬಿಟ್ಟ ಕ್ಷಣದಿಂದ.

ಇದು ನಮ್ಮ ಅತಿ ದೊಡ್ಡ ಬೇಡಿಕೆ. ಇದರಲ್ಲಿ ರಾಜಿ ಇಲ್ಲ.

ಅಮೆರಿಕದ ಕಾನೂನಿನಂತೆ ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಕೋಸ್ಟ್ ಗಾರ್ಡ್ ಒಪ್ಪಿದ ಒಂದೊಂದು ಜಾಕೆಟ್ ಇರಬೇಕು. 16 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಯಲ್ಲಿ ನೀರಿಗೆ ಎಸೆಯುವ ಒಂದು ತೇಲುಸಾಧನವೂ ಇರಬೇಕು. 13 ವರ್ಷದೊಳಗಿನ ಮಕ್ಕಳು ದೋಣಿ ಚಲಿಸುವಾಗ ಅದನ್ನು ತೊಟ್ಟೇ ಇರಬೇಕು. ದೊಡ್ಡವರು ತೊಡಲೇಬೇಕೆಂದು ಕಾನೂನು ಹೇಳುವುದಿಲ್ಲ. ನಾವು ಹೇಳುತ್ತಿದ್ದೇವೆ. ಕೋಸ್ಟ್ ಗಾರ್ಡ್‌ನ 2023ರ ಲೆಕ್ಕದಂತೆ ಈ ದೇಶದಲ್ಲಿ ವಿಹಾರ ದೋಣಿಗಳ ಅವಘಡದಲ್ಲಿ ಸತ್ತವರು 564 ಮಂದಿ. ಸಾವಿನ ಕಾರಣ ಗೊತ್ತಾದವರಲ್ಲಿ ನೂರಕ್ಕೆ 75 ಜನ ಮುಳುಗಿ ಸತ್ತವರು, ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಜನ ಜಾಕೆಟ್ ತೊಟ್ಟಿರಲಿಲ್ಲ.

ನಿಮ್ಮ ಉತ್ತರ ನಮಗೆ ಗೊತ್ತಿದೆ: ನಾವು ಕಡಲ ಮಕ್ಕಳು, ಈಜು ಬರುತ್ತದೆ. ಬರುತ್ತದೆ ನಿಜ, ಆದರೆ ನೀವು ಈಜು ಕಲಿತದ್ದು 28 ಡಿಗ್ರಿಯ ನೀರಿನಲ್ಲಿ. ಸ್ಟ್ರೈಪ್ಡ್ ಬಾಸ್ ಮೀನು ರಾರಿಟನ್ ಕೊಲ್ಲಿಗೆ ಬರುವ ಏಪ್ರಿಲ್‌ನಲ್ಲಿ ಇಲ್ಲಿನ ನೀರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆ ದಿನ ಹೊರಗೆ ಬಿಸಿಲಿದ್ದು ಟೀ ಶರ್ಟ್ ಸಾಕೆನಿಸಿದರೂ ನೀರು ಬದಲಾಗಿರುವುದಿಲ್ಲ. ಅಂಥ ನೀರಿಗೆ ಬಿದ್ದವನಿಗೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಏದುಸಿರಿನಲ್ಲಿ ಬಾಯಿ ತೆರೆದರೆ ನೀರು ಒಳಗೆ ಹೋಗುತ್ತದೆ. ಆಮೇಲೆ ಸುಮಾರು 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಅಲ್ಲಿಂದ ಮುಂದೆ ಬೆರಳು ಹಗ್ಗ ಹಿಡಿಯುವುದಿಲ್ಲ, ಕಾಲು ಬಡಿಯುವುದಿಲ್ಲ. ಎಚ್ಚರ ತಪ್ಪಲು ಸುಮಾರು ಒಂದು ಗಂಟೆ ಬೇಕು, ಆದರೆ ಜಾಕೆಟ್ ಇಲ್ಲದವನು ಅಷ್ಟು ಹೊತ್ತು ಮೇಲಿರುವುದೇ ಇಲ್ಲ. ಎಂಥ ಈಜುಗಾರನೂ ಸೋಲುವುದು ಆ 10 ನಿಮಿಷದ ಆಚೆಗೆ.

ಜಾಕೆಟ್‌ನ ಅಳತೆಯ ಬಗ್ಗೆಯೂ ಹೇಳಬೇಕು. ದೊಡ್ಡವರಿಗೆ ಅದನ್ನು ಎದೆಯ ಸುತ್ತಳತೆ ನೋಡಿ ಕೊಳ್ಳಬೇಕು, ಮಕ್ಕಳಿಗೆ ತೂಕ ನೋಡಿ. 50 ಪೌಂಡ್ ದಾಟದ ಮಗುವಿಗೂ 50ರಿಂದ 90 ಪೌಂಡ್ ತೂಗುವ ಹುಡುಗನಿಗೂ ಬೇರೆ ಬೇರೆ ಜಾಕೆಟ್. ಎಳೆಯ ಮಕ್ಕಳ ಜಾಕೆಟ್‌ಗೆ ಕತ್ತಿನ ಹಿಂದೆ ತಲೆ ಎತ್ತಿಹಿಡಿಯುವ ಕಾಲರ್ ಮತ್ತು ಕಾಲ ಸಂದಿಯ ಪಟ್ಟಿ ಇರಲೇಬೇಕು. ತೊಡಿಸಿದ ಮೇಲೆ ಎರಡು ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಏರಿತೆಂದರೆ ಅದು ದೊಡ್ಡದಾಯಿತು. ಸಪೂರವಾಗಿದೆ, ಸೆಖೆಯಾಗುವುದಿಲ್ಲ ಎಂದು ನೀವು ಮೆಚ್ಚಿದ ಗಾಳಿ ತುಂಬುವ ಬಗೆಯದು 16 ವರ್ಷದೊಳಗಿನವರಿಗೆ ಆಗದು, ಈಜು ಬಾರದವರಿಗೂ ತಕ್ಕದ್ದಲ್ಲ. ಅದರ ಸಿಲಿಂಡರ್ ಖಾಲಿಯೋ ತುಂಬಿದೆಯೋ ಎಂದು ಪ್ರತಿ ಸಲ ನೋಡುವವರಿಗೆ ಮಾತ್ರ ಅದು ಸರಿ. ಬೇಸಿಗೆಗೆ ಊರಿನಿಂದ ಬರುವ ಅತ್ತೆ, ಅಮ್ಮ ಸೀರೆಯುಟ್ಟೇ ದೋಣಿ ಹತ್ತುವವರು. ಅವರಿಗೆ ನೊರೆ ತುಂಬಿದ, ಮುಂದೆ ಮೂರು ಬಕಲ್ ಇರುವ ಜಾಕೆಟ್ ಬೇಕು. ಸೆರಗು, ದುಪಟ್ಟಾ ಜಾಕೆಟ್‌ನ ಒಳಗಿರಬೇಕು. ಹೊರಗೆ ಹಾರಾಡುವ ಬಟ್ಟೆ ಗಾಳದ ರೀಲಿಗೆ ಸಿಕ್ಕಿಕೊಳ್ಳುತ್ತದೆ.

3. ತಯಾರಕರು ಹೇಳಿದ್ದಕ್ಕಿಂತ ಒಬ್ಬರೂ ಹೆಚ್ಚು ಬೇಡ.

ಎಷ್ಟು ಜನ, ಎಷ್ಟು ತೂಕ ಎಂದು ತಯಾರಕರು ಹೇಳಿರುತ್ತಾರೆ. ಶನಿವಾರ ಎಡಿಸನ್‌ನಿಂದ ಷಡ್ಡಕ, ಪ್ಲೇನ್ಸ್‌ಬರೊದಿಂದ ಗೆಳೆಯ ಬಂದಾಗ ಬೇಡ ಎನ್ನಲು ನಿಮಗೆ ದಾಕ್ಷಿಣ್ಯ. ಆ ದಾಕ್ಷಿಣ್ಯವನ್ನು ನಮ್ಮ ಮೇಲೆ ಹಾಕಿ, ನಾವೇ ಹೇಳುತ್ತೇವೆ. 2020ರ ನವೆಂಬರ್ 30ರ ರಾತ್ರಿ ಮಂಗಳೂರಿನಾಚೆ ಶ್ರೀರಕ್ಷಾ ಎಂಬ ಪರ್ಸೀನ್ ಬೋಟು ಮೀನು ಹೇರಿಕೊಂಡು ಮರಳುವಾಗ ಅಲೆಯ ಹೊಡೆತಕ್ಕೆ ಮಗುಚಿತು. ಹೆಚ್ಚಿನವರು ಬದುಕಿ ಬಂದರು, ಆರು ಮಂದಿ ಬರಲಿಲ್ಲ. ಅವರೆಲ್ಲ ಕಸುಬು ಬಲ್ಲವರು. ಭಾರ ಹೆಚ್ಚಿದ ದೋಣಿ ಕಸುಬನ್ನು ಲೆಕ್ಕಿಸುವುದಿಲ್ಲ.

4. ಚುಕ್ಕಾಣಿ ಹಿಡಿದವನೇ ನೀರಿಗೆ ಬಿದ್ದರೆ ಎಂಬುದಕ್ಕೂ ಸಿದ್ಧತೆ ಬೇಕು.

ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗವನ್ನು ಓಡಿಸುವವರು ಮೈಗೆ ಸಿಕ್ಕಿಸಿಕೊಳ್ಳಬೇಕು. 26 ಅಡಿಗಿಂತ ಚಿಕ್ಕ ದೋಣಿಗಳು ವೇಗದಲ್ಲಿರುವಾಗ ಇದು 2021ರ ಏಪ್ರಿಲ್ 1ರಿಂದ ಕಾನೂನು. ಬಿದ್ದವನ ಸುತ್ತ ಖಾಲಿ ದೋಣಿ ಪ್ರೊಪೆಲ್ಲರ್ ತಿರುಗಿಸುತ್ತ ಸುತ್ತಬಾರದು ಎಂಬುದೇ ಅದರ ಉದ್ದೇಶ. ಬಿದ್ದವರು ನೀರಿನಿಂದಲೇ ಕೈಚಾಚಿ ಎಳೆದುಕೊಳ್ಳುವಂಥ ಏಣಿ ಹಿಂಬದಿಯಲ್ಲಿರಬೇಕು. ಒದ್ದೆ ಬಟ್ಟೆಯಲ್ಲಿ, ಮರಗಟ್ಟಿದ ಕೈಯಲ್ಲಿ ದೋಣಿಯ ಅಂಚು ಹತ್ತಲು ಯಾರಿಂದಲೂ ಆಗದು. ನ್ಯೂಜೆರ್ಸಿಯಲ್ಲಿ ಮೋಟಾರು ದೋಣಿ ಓಡಿಸಲು ಬೋಟಿಂಗ್ ಸೇಫ್ಟಿ ಸರ್ಟಿಫಿಕೇಟ್ ಬೇಕು. ಅದನ್ನು ಪಡೆದ ಇಬ್ಬರಾದರೂ ಪ್ರತಿ ಸಲ ದೋಣಿಯಲ್ಲಿರಬೇಕು. ನಮ್ಮಲ್ಲೂ ಕೆಲವರು ಪರೀಕ್ಷೆಗೆ ಕೂರುತ್ತೇವೆ. ಅದರ ಫೀಸು ಜಂಟಿ ಖಾತೆಯಿಂದಲೇ ಹೋಗಬೇಕು.

5. ಗಟ್ಟಿಯಾಗಿ ಕೂರಿಸಿದ ವಿಎಚ್‌ಎಫ್ ರೇಡಿಯೊ, ಅದರ ಪಕ್ಕ ಕನ್ನಡದಲ್ಲಿ ಬರೆದ ಚೀಟಿ.

ಮೊಬೈಲ್ ಇದೆಯಲ್ಲ ಎನ್ನಬೇಡಿ. ದಡ ಬಿಟ್ಟು ಕೆಲವು ಮೈಲಿ ಹೋದರೆ ಸಿಗ್ನಲ್ ನಂಬುವಂತಿಲ್ಲ. ಜತೆಗೆ ಫೋನ್ ಕರೆ ಒಬ್ಬರಿಗೆ ಮಾತ್ರ ಕೇಳುತ್ತದೆ, ರೇಡಿಯೊದ 16ನೇ ಚಾನೆಲ್ಲಿನಲ್ಲಿ ಕೂಗಿದರೆ ಕೋಸ್ಟ್ ಗಾರ್ಡ್‌ಗೂ ಕೇಳುತ್ತದೆ, ಅರ್ಧ ಮೈಲಿ ದೂರದ ಇನ್ನೊಂದು ದೋಣಿಗೂ ಕೇಳುತ್ತದೆ. ಮೊದಲು ಬಂದು ಕೈಕೊಡುವವರು ಎಷ್ಟೋ ಸಲ ಆ ಪಕ್ಕದ ದೋಣಿಯವರೇ. 25 ವಾಟ್‌ನ ಒಂದು ಸೆಟ್ ಕನ್ಸೋಲಿನಲ್ಲಿರಲಿ, ಕೈಯಲ್ಲಿ ಹಿಡಿಯುವ, ನೀರಲ್ಲಿ ತೇಲುವ ಇನ್ನೊಂದು ಚಾಲಕನ ಜಾಕೆಟ್‌ನಲ್ಲಿರಲಿ. ಸೆಟ್ಟಿನಲ್ಲಿ ಮುಚ್ಚಳದಡಿ ಒಂದು ಕೆಂಪು ಗುಂಡಿ ಇರುತ್ತದೆ. ಎಂಎಂಎಸ್‌ಐ ಎಂಬ ದೋಣಿಯ ಗುರುತು ಸಂಖ್ಯೆ ಪಡೆದು ತುಂಬಿಸಿ, ಜಿಪಿಎಸ್ ಜೋಡಿಸಿದ್ದರೆ ಅದನ್ನು ಒತ್ತಿ ಹಿಡಿದ ಕೂಡಲೇ ದೋಣಿ ಯಾವುದು, ಎಲ್ಲಿದೆ ಎಂಬುದು ತಾನಾಗಿ ಹೋಗುತ್ತದೆ. ಅದೆರಡೂ ಮಾಡದಿದ್ದರೆ ಗುಂಡಿಯಿಂದ ಅರ್ಧ ಪ್ರಯೋಜನವೂ ಇಲ್ಲ. ಅಂಗಡಿಯವರು ಮಾಡಿಕೊಟ್ಟಿರುತ್ತಾರೆ ಎಂದು ನಂಬಿ ಕೂರಬೇಡಿ, ಅದು ನಿಮ್ಮ ಕೆಲಸ.

ಚೀಟಿಯ ವಿಷಯ. ದೋಣಿಯಲ್ಲಿ ಅಮ್ಮ, ಮಾವ, 14 ವರ್ಷದ ಮಗಳು ಮಾತ್ರ ಎಚ್ಚರದಲ್ಲಿರುವ ಸಂದರ್ಭ ಬರಬಹುದು. ಅವರಿಗೆ ಓದಲು ಬರುವ ಅಕ್ಷರದಲ್ಲಿ, ಲ್ಯಾಮಿನೇಟ್ ಮಾಡಿ, ರೇಡಿಯೊದ ಪಕ್ಕದಲ್ಲಿ ಇದನ್ನು ಅಂಟಿಸಬೇಕು: ‘ಕೆಂಪು ಮುಚ್ಚಳ ಎತ್ತಿ. ಗುಂಡಿಯನ್ನು ಸದ್ದು ಬರುವವರೆಗೆ ಒತ್ತಿ ಹಿಡಿಯಿರಿ. ಆಮೇಲೆ 16ನೇ ಚಾನೆಲ್. ಮೈಕಿನ ಪಕ್ಕದ ಗುಂಡಿ ಒತ್ತಿಕೊಂಡು ಹೇಳಿ: ಮೇಡೇ, ಮೇಡೇ, ಮೇಡೇ, ದಿಸ್ ಈಸ್. ದೋಣಿಯ ಹೆಸರು ಮೂರು ಸಲ. ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದಿ. ಏನಾಗಿದೆ, ಎಷ್ಟು ಜನ ಇದ್ದೇವೆ ಹೇಳಿ. ಗುಂಡಿ ಬಿಡಿ. ಬಿಟ್ಟರೆ ಮಾತ್ರ ಅವರ ಮಾತು ಕೇಳುತ್ತದೆ.’ ಕೊನೆಯ ಎರಡು ವಾಕ್ಯಗಳನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಗಾಬರಿಯಾದವರು ಗುಂಡಿ ಒತ್ತಿಯೇ ಇರುತ್ತಾರೆ. ಗ್ಯಾರೇಜಿನಲ್ಲಿ ಟ್ರೇಲರ್ ಮೇಲಿರುವಾಗಲೇ, ರೇಡಿಯೊ ಆಫ್ ಮಾಡಿಟ್ಟು, ಮನೆಯ ಪ್ರತಿಯೊಬ್ಬರೂ ಈ ಚೀಟಿಯನ್ನು ಒಮ್ಮೆ ಬಾಯಿಬಿಟ್ಟು ಓದಿ ಅಭ್ಯಾಸ ಮಾಡಬೇಕು.

6. ಉಪಗ್ರಹಕ್ಕೆ ಕರೆ ಕಳಿಸುವ ಒಂದು ಬೀಕನ್.

406 ಮೆಗಾಹರ್ಟ್ಸ್‌ನ ಪರ್ಸನಲ್ ಲೊಕೇಟರ್ ಬೀಕನ್, ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಅದನ್ನು ಅಮೆರಿಕದ ನೋವಾ (NOAA) ಸಂಸ್ಥೆಯಲ್ಲಿ ನೋಂದಾಯಿಸಬೇಕು. ನೋಂದಣಿಗೆ ಹಣವಿಲ್ಲ. ತುರ್ತು ಸಂಪರ್ಕಕ್ಕೆ ದಡದಲ್ಲಿರುವ ನಮ್ಮ ಫೋನ್ ನಂಬರ್ ಕೊಡಿ. ದೋಣಿಯೊಳಗೇ ಇರುವವರ ನಂಬರ್ ಕೊಟ್ಟರೆ ಕರೆ ಯಾರು ಎತ್ತಬೇಕು?

7. ಹೊರಡುವ ಮುನ್ನ ನಮ್ಮ ಕೈಗೆ ಬರೆದ ಚೀಟಿ.

ಯಾರು ಯಾರು ಹೋಗುತ್ತಿದ್ದೀರಿ, ಯಾವ ರ‍್ಯಾಂಪಿನಿಂದ, ಯಾವ ಕಡೆಗೆ, ಎಷ್ಟು ಹೊತ್ತಿಗೆ ವಾಪಸ್ಸು. ಕಾರು ಎಲ್ಲಿ ನಿಲ್ಲಿಸಿದ್ದೀರಿ ಎಂಬುದೂ ಇರಲಿ. ಹೇಳಿದ ಹೊತ್ತು ಮೀರಿ ಒಂದು ಗಂಟೆಯಾದರೆ ನಾವು ಕೋಸ್ಟ್ ಗಾರ್ಡ್‌ಗೆ ಫೋನ್ ಮಾಡುತ್ತೇವೆ, ಆಮೇಲೆ ನಮ್ಮ ಮೇಲೆ ರೇಗಬಾರದು. ಮನಸ್ಸು ಬದಲಾಯಿಸಿ ಚೀಟಿಯಲ್ಲಿ ಬರೆದ ಜಾಗ ಬಿಟ್ಟು ಬೇರೆ ಕಡೆ ಹೊರಟರೆ ಸಿಗ್ನಲ್ ಇರುವಾಗಲೇ ಒಂದು ಸಂದೇಶ ಹಾಕಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇವೆ ಎಂಬುದು ಉಡುಪಿ ಕಡೆಯವರಿಗೆ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೊರಟ ಸುವರ್ಣ ತ್ರಿಭುಜ ಬೋಟಿನ ಸಂಪರ್ಕ 15ರ ರಾತ್ರಿ ಕಡಿಯಿತು. ಮಲ್ಪೆಯ ಇಬ್ಬರು, ಉತ್ತರ ಕನ್ನಡದ ಐವರು. 2019ರ ಜನವರಿಯಲ್ಲಿ ಮೀನುಗಾರರು ಉಡುಪಿಯ ಅಂಬಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ ತಡೆದು, ನಮ್ಮವರನ್ನು ಹುಡುಕಿಕೊಡಿ ಎಂದು ಕೇಳಬೇಕಾಯಿತು. ನೌಕಾಪಡೆಯ ನಿರೀಕ್ಷಕ್ ಹಡಗಿಗೆ ಮಹಾರಾಷ್ಟ್ರದ ಮಾಲ್ವಣದಾಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಸಿಕ್ಕಿದ್ದು ಮೇ ತಿಂಗಳಲ್ಲಿ. ನಾಲ್ಕು ತಿಂಗಳಿಗೂ ಮಿಕ್ಕಿ ಆ ಏಳು ಮನೆಗಳಲ್ಲಿ ಹೆಂಗಸರು ಏನೊಂದೂ ತಿಳಿಯದೆ ಕಾದರು. ಜಾಗ ತಿಳಿಸುವ ಒಂದು ಕೊನೆಯ ಸಂಕೇತ ಬಂದಿದ್ದರೆ ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದಾದರೂ ಗೊತ್ತಿರುತ್ತಿತ್ತು. 5, 6, 7ನೇ ಬೇಡಿಕೆಗಳು ಮೂರೂ ಅದಕ್ಕಾಗಿ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ.

8. ಹಡಗಿನ ದಾರಿಯಲ್ಲಿ ಕಾಣಿಸಿಕೊಳ್ಳುವ ಸಾಧನ.

ನ್ಯೂಯಾರ್ಕ್ ಬಂದರಿಗೆ ಹೋಗುವ ಕಂಟೇನರ್ ಹಡಗುಗಳ ಆಂಬ್ರೋಸ್ ಕಾಲುವೆ ಸ್ಯಾಂಡಿ ಹುಕ್‌ನ ಆಚೆಯೇ ಇದೆ. ಮೀನು ಸಿಗುತ್ತದೆಂದು ಅದರ ಅಂಚಿಗೆ ಹೋಗುವವರು ಬಹಳ. ಹಡಗು ನಿಮ್ಮನ್ನು ಕಂಡ ಮೇಲೂ ಥಟ್ಟನೆ ನಿಲ್ಲಲಾರದು. ಫೈಬರ್ ದೋಣಿ ರೇಡಾರ್‌ನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. 2021ರ ಏಪ್ರಿಲ್ 13ರಂದು ಬೇಪೂರಿನ ರಬಾ ಎಂಬ ಮೀನುಗಾರಿಕೆ ಬೋಟಿಗೂ ಸಿಂಗಪುರದ ಧ್ವಜ ಹೊತ್ತ ಎಪಿಎಲ್ ಲೆ ಹಾವ್ರ್ ಹಡಗಿಗೂ ಡಿಕ್ಕಿಯಾಯಿತು. ಅದು ನಮ್ಮ ಮಂಗಳೂರಿನಾಚೆಯ ಕಡಲಿನಲ್ಲೇ. 14 ಮಂದಿಯಲ್ಲಿ ಜೀವಂತ ಸಿಕ್ಕಿದವರು ಇಬ್ಬರು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಸುತ್ತ ಕಾಣುವ ಬಿಳಿ ದೀಪ, ರೇಡಾರ್ ರಿಫ್ಲೆಕ್ಟರ್, ಮಂಜಿಗೆ ಹಾರ್ನ್. ಕಾಲುವೆಯೊಳಗೆ ಲಂಗರು ಹಾಕುವುದು ಬೇಡವೇ ಬೇಡ.

9. ತಾರೀಕು ನೋಡಿ ಕೊಳ್ಳುವ ಸಾಮಾನು.

ಅಗ್ನಿಶಾಮಕ 5-ಬಿ ದರ್ಜೆಯದಿರಲಿ. ಮರುಬಳಕೆಯಿಲ್ಲದ ಬಗೆಯದು ತಯಾರಾಗಿ 12 ವರ್ಷ ದಾಟಿದರೆ ನಡೆಯದು ಎಂಬ ನಿಯಮ 2022ರ ಏಪ್ರಿಲ್ 20ರಿಂದ ಇದೆ. ಕೆಂಪು ಬೆಳಕಿನ ಫ್ಲೇರ್‌ಗಳ ಆಯುಸ್ಸು ತಯಾರಾದಂದಿನಿಂದ 42 ತಿಂಗಳು. ಅಗ್ನಿಶಾಮಕ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿದ್ದರೆ ಬೆಂಕಿ ಬಿದ್ದಾಗ ಅದರ ಬಳಿಗೇ ಹೋಗಲಾಗದು, ಕನ್ಸೋಲಿನ ಪಕ್ಕ ಸಿಕ್ಕಿಸಿ. 2023ರ ದೀಪಾವಳಿಯ ಹೊತ್ತಿಗೆ ಗಂಗೊಳ್ಳಿ ಬಂದರಿನಲ್ಲಿ ಕಟ್ಟಿಹಾಕಿದ್ದ ಬೋಟುಗಳು ಒಂದರಿಂದ ಒಂದಕ್ಕೆ ಬೆಂಕಿ ತಗುಲಿ ಸುಟ್ಟದ್ದನ್ನು ನಾವೆಲ್ಲ ಫೋನಿನಲ್ಲಿ ನೋಡಿದ್ದೇವೆ. ಫೈಬರ್‌ಗೆ ಬೆಂಕಿ ಎಷ್ಟು ಬೇಗ ಹತ್ತುತ್ತದೆಂದು ಹೇಳಬೇಕಿಲ್ಲ.

10. ನೀರು ಒಳಬರದಂತೆ, ದೋಣಿ ಕೊಚ್ಚಿಹೋಗದಂತೆ.

ಟ್ರೇಲರ್ ಮೇಲೆ ನೀರು ಬಸಿಯಲು ಬಿಚ್ಚಿಟ್ಟ ಡ್ರೇನ್ ಪ್ಲಗ್ಗನ್ನು ಹಾಕದೆ ದೋಣಿ ಇಳಿಸುವ ಅವಾಂತರ ರ‍್ಯಾಂಪುಗಳಲ್ಲಿ ನಡೆಯುತ್ತಲೇ ಇರುತ್ತದೆ. ಪ್ಲಗ್ಗನ್ನು ಕಾರಿನ ಕೀಗೊಂಚಲಿಗೆ ಕಟ್ಟಿ, ಒಂದು ಹೆಚ್ಚಿನದೂ ಇರಲಿ. ನೀರು ಏರಿದರೆ ತಾನಾಗಿ ಶುರುವಾಗುವ ಬಿಲ್ಜ್ ಪಂಪ್, ಎರಡು ಬ್ಯಾಟರಿ, ಪಂಪ್ ಕೆಟ್ಟರೆ ಮೊಗೆಯಲು ಬಕೆಟ್ ಬೇಕು. ಅಳಿವೆಯ ಬಾಯಲ್ಲಿ ಎಂಜಿನ್ ನಿಂತರೆ ಲಂಗರೇ ಬ್ರೇಕು. ಆಳದ ಏಳು ಪಟ್ಟು ಹಗ್ಗ, ಅದರ ತುದಿಗೆ ಸರಪಳಿ. ಕಟ್ಟುವುದು ಯಾವಾಗಲೂ ಮೂತಿಗೆ. ಹಿಂಬದಿಗೆ ಕಟ್ಟಿದರೆ ಅಲೆ ನೇರವಾಗಿ ಎಂಜಿನ್ ಮೇಲಿನಿಂದ ಒಳಗೆ ಬರುತ್ತದೆ. ಹಗ್ಗ ಕತ್ತರಿಸಲು ಚಾಕು ಕೈಗೆಟುಕುವಲ್ಲಿರಲಿ.

11. ಹವೆ ಕೆಟ್ಟ ದಿನ ಹೋಗುವುದಿಲ್ಲ ಎಂಬ ಮಾತು.

ಸಣ್ಣ ದೋಣಿಗಳಿಗೆ ಎಚ್ಚರಿಕೆ ಹೊರಟ ದಿನ ದೋಣಿ ಗ್ಯಾರೇಜಿನಲ್ಲೇ ಇರಬೇಕು, ಎಷ್ಟೇ ದೂರದಿಂದ ನೆಂಟರು ಬಂದಿದ್ದರೂ ಸರಿ. ಗಂಗೊಳ್ಳಿ, ಕೋಡಿಬೆಂಗ್ರೆಯ ಅಳಿವೆಗಳನ್ನು ಬಲ್ಲ ನಿಮಗೆ ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಗಾಳಿ ಬೀಸಿದರೆ ಅಲೆ ಹೇಗೆ ಎದ್ದು ನಿಲ್ಲುತ್ತದೆಂದು ಗೊತ್ತು. ಮನಸ್ಕ್ವಾನ್, ಶಾರ್ಕ್ ರಿವರ್ ಅಳಿವೆಗಳಲ್ಲೂ ಅದೇ ನೀರು, ಅದೇ ಗಾಳಿ. ಭರತ ಇಳಿತದ ಹೊತ್ತು ನೋಡಿ ಹೊರಡಿ. ಪೆಟ್ರೋಲಿನಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಮುಟ್ಟದೆ ಇಡಲು.

12. ಇನ್ನು ಮೀನಿನ ಸಾಮಾನು.

ಇದಕ್ಕೆ ನಮ್ಮ ತಡೆಯಿಲ್ಲ. ಗಾಳ ಬಿಡಿಸುವ ಉದ್ದ ಮೂತಿಯ ಇಕ್ಕಳ, ಕೈಗೆ ಚುಚ್ಚಿದ ಗಾಳವನ್ನೇ ತುಂಡರಿಸುವ ಗಟ್ಟಿ ಕಟರ್, ಮೀನು ಅಳೆಯುವ ಪಟ್ಟಿ, ಕೈಗವಸು, ಐಸು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಚಾರ್ಟ್‌ಪ್ಲಾಟರ್ ಜತೆಗಿರುವ ಫಿಶ್ ಫೈಂಡರ್ ಆದರೆ ದಾರಿಗೂ ಆಗುತ್ತದೆ. ಸ್ಪೀಕರ್ ಮಾತ್ರ ಬೇಡ. ರೇಡಿಯೊದ ಕರೆಯೂ ನೀರಿಗೆ ಬಿದ್ದವನ ಕೂಗೂ ಅದರ ಸದ್ದಿನಲ್ಲಿ ಕೇಳುವುದಿಲ್ಲ.

13. ಇಲ್ಲಿ ಒಂದು ಸೆಟ್ ಜಾಕೆಟ್ ಕೊಂಡರೆ ಊರಿನ ಒಂದು ನಾಡದೋಣಿಗೆ ಇನ್ನೊಂದು ಸೆಟ್.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆಗ ಕಡಲಿಗಿಳಿಯುವವರು 10 ಅಶ್ವಶಕ್ತಿಯೊಳಗಿನ ನಾಡದೋಣಿಯವರು ಮಾತ್ರ. ಅಂದರೆ ವರ್ಷದ ಅತಿ ಕೆಟ್ಟ ಕಡಲಿಗೆ ಅತಿ ಸಣ್ಣ ದೋಣಿಗಳು. ಅವುಗಳಲ್ಲಿ ನಮ್ಮ ಚಿಕ್ಕಪ್ಪಂದಿರ ಮಕ್ಕಳೂ ಇದ್ದಾರೆ. ಕೇಂದ್ರ ಸರ್ಕಾರ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಕೊಟ್ಟ 364 ಕೋಟಿ ರೂಪಾಯಿಯ ಯೋಜನೆಯಲ್ಲಿ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಉಚಿತ ಟ್ರಾನ್ಸ್‌ಪಾಂಡರ್ ಕೊಡುವುದಾಗಿದೆ. ನಮ್ಮ ಕುಟುಂಬದ ದೋಣಿಗಳಿಗೆ ಅದು ಬಂದಿದೆಯೇ, ಬಂದದ್ದು ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಮನೆಯವರೂ ಫೋನ್ ಮಾಡಿ ವಿಚಾರಿಸಬೇಕು. ಬಂದಿಲ್ಲವಾದರೆ ಮೀನುಗಾರಿಕೆ ಇಲಾಖೆಗೆ ಅರ್ಜಿ ಹಾಕಿಸಬೇಕು. ಭಾರತದ ಕೋಸ್ಟ್ ಗಾರ್ಡ್‌ನ 1554 ನಂಬರ್ ಅವರ ಮನೆಯವರ ಫೋನಿನಲ್ಲಿ ಇದೆಯೇ ಎಂದೂ ಕೇಳಿ. ಜಾಕೆಟ್‌ಗಳನ್ನು ಅಲ್ಲಿಯೇ, ಮಂಗಳೂರಿನಲ್ಲೋ ಮಲ್ಪೆಯಲ್ಲೋ ಕೊಳ್ಳಿ. ಇಲ್ಲಿನ ಬೀಕನ್ ಈ ದೇಶದ ಸಂಕೇತಕ್ಕೆ ಹೊಂದಿಸಿದ್ದು, ಅದನ್ನು ಸೂಟ್‌ಕೇಸಿನಲ್ಲಿ ಒಯ್ಯಬೇಡಿ.

ಟ್ರೇಲರ್ ಅಂಗಳ ಬಿಡುವ ಮುನ್ನ ಈ ಹದಿಮೂರಕ್ಕೂ ಬರಹದಲ್ಲಿ ಉತ್ತರ ಬೇಕು. 2ರಿಂದ 7ರವರೆಗಿನವು ಪೂರ್ತಿಯಾಗುವ ತನಕ ಮಕ್ಕಳನ್ನೂ ಊರಿನಿಂದ ಬಂದ ಹಿರಿಯರನ್ನೂ ದೋಣಿ ಹತ್ತಲು ಬಿಡುವುದಿಲ್ಲ. ಜಾಕೆಟ್ ಕೊಳ್ಳಲು ಅನುಕೂಲವಾಗಲೆಂದು ನಾಲ್ಕು ಮನೆಗಳ ದೊಡ್ಡವರ ಎದೆಸುತ್ತಳತೆ, ಮಕ್ಕಳ ತೂಕ ಬರೆದ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ.